ಮಟ್ಟೆ ರಾಶಿಯ ಕೆಳಗಿನ ಕಲ್ಲು

ಕೆರೆಯ ಗಡಿಕಲ್ಲು ಎಲ್ಲಿದೆ ಎಂದು ಸರ್ವೆಯವರು ಕೇಳಿದ ದಿನ ನಾನು ತೋರಿಸಲಿಲ್ಲ. ತೋರಿಸಲಿಲ್ಲ ಎಂದಷ್ಟೇ ಬರೆದರೆ ಅದೂ ಅರ್ಧ ಸುಳ್ಳಾಗುತ್ತದೆ. "ನಂಗೊತ್ತಿಲ್ಲ, ನಾನು ನೋಡೇ ಇಲ್ಲ" ಎಂದು ಬಾಯಿಬಿಟ್ಟು ಹೇಳಿದೆ. ಆ ಕಲ್ಲು ನನ್ನ ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿತ್ತು. ಹಿಂದಿನ ದಿನ ಅದರ ಮೇಲೆ ಕಾಯಿ ಸುಲಿದ ಮಟ್ಟೆಯನ್ನು ರಾಶಿ ಹಾಕಿಸಿದವಳು ನಾನೇ. ನನ್ನನ್ನು ನಂಬಿ ಸರ್ವೆಯವರನ್ನು ನನ್ನ ತೋಟದವರೆಗೆ ಕರೆದುಕೊಂಡು ಬಂದವನು ನನ್ನ ಒಡಹುಟ್ಟಿದ ಅಣ್ಣ.

ನಾನು ಓದಿದ್ದು ಐದನೇ ಕ್ಲಾಸು. ಆಮೇಲೆ ಬರೆದದ್ದೆಂದರೆ ಡೈರಿಯ ಪುಸ್ತಕದಲ್ಲಿ ಸಹಿ, ಹಬ್ಬದ ಸಾಮಾನಿನ ಚೀಟಿ. ಇದನ್ನು ಬರೆಯಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಎಷ್ಟೋ ಸಲ ತಪ್ಪು ನನ್ನೊಬ್ಬಳದಲ್ಲ ಎನ್ನುವ ಹಾಗೆ ಬರೆದು, ಓದಿ, ಹರಿದು ಹಾಕಿದೆ.

ನಮ್ಮ ಊರಿನ ಕೆರೆ ದೊಡ್ಡದೇನಲ್ಲ. ನೊಣವಿನಕೆರೆಗೆ ಹೋಗುವ ಬಸ್ಸಿನಿಂದ ನೋಡಿದರೆ ಎಷ್ಟೋ ಜನಕ್ಕೆ ಅದು ಕೆರೆಯೆಂದೇ ಗೊತ್ತಾಗುವುದಿಲ್ಲ. ಒಂದು ಏರಿ, ಒಂದು ತೂಬು, ಮೂರು ಕಡೆ ತೆಂಗಿನ ತೋಟ. ಈಗ ತೋಟದ ಬೇಲಿ ಮುಗಿದ ಕೂಡಲೇ ನೀರು. ನಾನು ಚಿಕ್ಕವಳಾಗಿದ್ದಾಗ ಹಾಗಿರಲಿಲ್ಲ. ತೋಟಕ್ಕೂ ನೀರಿಗೂ ನಡುವೆ ಯಾರಿಗೂ ಸೇರದ ಅಗಲವಾದ ಇಳಿಜಾರು ದಡ ಇತ್ತು. ಅದರಲ್ಲಿ ಲಕ್ಕಿಗಿಡ, ಹೊಂಗೆ, ನೀರಿನ ಅಂಚಿಗೆ ಜೊಂಡು. ಜೊಂಡಿನೊಳಗೆ ನೀರುಕೋಳಿ ಮೊಟ್ಟೆ ಇಡುತ್ತಿತ್ತು. ದನ ಇಳಿದು ನೀರು ಕುಡಿದು ತಾನೇ ಹತ್ತಿ ಬರುತ್ತಿತ್ತು. ಹೆಂಗಸರು ಬಟ್ಟೆ ಒಗೆದು ಲಕ್ಕಿಗಿಡದ ಮೇಲೆ ಒಣಗಹಾಕುತ್ತಿದ್ದರು. ಮನೆಗೆ ತಂದಾಗ ಬಟ್ಟೆಗೆಲ್ಲ ಲಕ್ಕಿಸೊಪ್ಪಿನ ವಾಸನೆ.

ನಮ್ಮಪ್ಪ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು ಅವನ ಕೆಲಸ. ವರ್ಷದ ಮೊದಲ ನೀರು ಬಿಡುವ ಹಿಂದಿನ ದಿನ ಅವನು ನಮ್ಮಿಬ್ಬರನ್ನೂ ಕರೆದುಕೊಂಡು ಕೆರೆಯನ್ನು ಒಂದು ಸುತ್ತು ಬರುತ್ತಿದ್ದ. ದಡದ ಮೇಲಂಚಿನಲ್ಲಿ ಏಳು ಕಲ್ಲುಗಳಿದ್ದವು. ಅಣ್ಣ ಕುಡುಗೋಲಿನಿಂದ ಕಲ್ಲಿನ ಸುತ್ತ ಹುಲ್ಲು ಸವರಬೇಕು. ನಾನು ಸುಣ್ಣದ ಬಕೀಟು ಹೊರಬೇಕು, ಮಟ್ಟೆ ಜಜ್ಜಿ ಮಾಡಿದ ಕುಂಚದಿಂದ ಕಲ್ಲಿಗೆ ಸುಣ್ಣ ಬಳಿಯಬೇಕು. ನೆಟ್ಟಗೆ ಬಳಿಯದಿದ್ದರೆ ಅಪ್ಪ ಇನ್ನೊಂದು ಸಲ ಬಳಿಸುತ್ತಿದ್ದ. ಒಂದು ವರ್ಷ ಕೆರೆಯಲ್ಲಿ ನೀರು ತೀರಾ ಕೆಳಗಿತ್ತು. "ಇಷ್ಟು ದೂರ ಕಲ್ಲು ಯಾಕಪ್ಪ, ನೀರು ಅಲ್ಲೆಲ್ಲೋ ಐತಲ್ಲ" ಎಂದು ಕೇಳಿದೆ.

"ನೀರು ಊರಿಗೆ ಹೋಗೈತೆ ಕಣಮ್ಮ, ತಿರುಗಿ ಬತ್ತದೆ" ಎಂದ ಅಪ್ಪ. "ಬಂದಾಗ ಮಲಗಕ್ಕೆ ಜಾಗ ಬೇಕಲ್ವಾ?"

ಐದನೇ ಕಲ್ಲು ನಮ್ಮ ಸೋದರಮಾವನ ತೋಟದ ಕೆಳಗಿತ್ತು. ಆ ಮಾವನ ಮಗನಿಗೇ ನನ್ನನ್ನು ಕೊಟ್ಟರು. ಏರಿಯ ಈ ತುದಿಯಿಂದ ಆ ತುದಿಗೆ ಹೋದೆ, ಅಷ್ಟೇ. ನಾನು ಸುಣ್ಣ ಬಳಿದಿದ್ದ ಕಲ್ಲು ನನ್ನ ಗಂಡನ ತೋಟದ ಗಡಿಕಲ್ಲಾಯಿತು. ಅಪ್ಪ ಹೋದ ಮೇಲೂ ಅಣ್ಣ ಕೆಲವು ವರ್ಷ ಒಬ್ಬನೇ ಸುಣ್ಣ ಬಳಿದ. ಆಮೇಲೆ ತೂಬು ಎತ್ತುವಷ್ಟು ನೀರೇ ಬರಲಿಲ್ಲ.

ಕೆರೆ ಒಣಗಿದ ಆ ವರ್ಷಗಳಲ್ಲಿ ನಮ್ಮ ಊರಿನವರೆಲ್ಲ ಒಂದೇ ಕೆಲಸ ಮಾಡಿದೆವು. ಒಂದೇ ಸಲಕ್ಕೆ ಯಾರೂ ಕೆರೆ ನುಂಗುವುದಿಲ್ಲ. ಮೊದಲ ವರ್ಷ ಬೇಲಿಯಾಚೆ ಒಂದಿಷ್ಟು ಹುರುಳಿ ಚೆಲ್ಲುತ್ತಾರೆ. ದನಕ್ಕೆ ಸೊಪ್ಪಾಯಿತು ಅನ್ನುತ್ತಾರೆ. ಮರುವರ್ಷ ರಾಗಿ. ಮೂರನೇ ವರ್ಷ ಒಂದು ಸಾಲು ತೆಂಗಿನ ಸಸಿ. ಸಸಿ ಇಟ್ಟ ಮೇಲೆ ಮೇಕೆ ಮೇಯಬಾರದಲ್ಲ, ಬೇಲಿಯನ್ನು ಮುಂದಕ್ಕೆ ತಳ್ಳುತ್ತಾರೆ. ಕಾಯಿ ಬಿಡುವ ಮರಕ್ಕೆ ನಮ್ಮ ಕಡೆ ಯಾರೂ ಕೊಡಲಿ ಹಾಕುವುದಿಲ್ಲ. ಕೂಲಿಗೆ ಕರೆದರೂ ಬರುವುದಿಲ್ಲ, ಬಂದ ಅಧಿಕಾರಿಯೂ ಹೊಂಬಾಳೆ ನೋಡಿ ಸುಮ್ಮನಾಗುತ್ತಾನೆ. ಹೊಂಬಾಳೆ ಒಡೆಯುವವರೆಗೆ ಕಾದರೆ ಸಾಕು, ಆ ಜಾಗ ನಮ್ಮದು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಎಲ್ಲರಿಗೂ ಗೊತ್ತಿತ್ತು.

ಆ ಹೊತ್ತಿಗೆ ಅಣ್ಣ ಒಂದು ದಿನ ಇಪ್ಪತ್ತು ಸಸಿ ಗಾಡಿಯಲ್ಲಿ ಹಾಕಿಕೊಂಡು ಬಂದ. ತವರಿನ ಹಿತ್ತಲಲ್ಲಿ ನಮ್ಮವ್ವ ಇಟ್ಟ ಮರವೊಂದಿದೆ. ಅದರ ಕಾಯಿಯಿಂದ ಎಬ್ಬಿಸಿದ ಸಸಿಗಳು. "ತ್ವಾಟದಾಗೆ ಸತ್ತಿರೋ ಮರದ ಜಾಗಕ್ಕೆ ಇಡು. ಮಿಕ್ಕಿದ್ದು ಯಾರಿಗಾರ ಕೊಡು" ಎಂದ. ತೋಟದಲ್ಲಿ ಖಾಲಿ ಜಾಗ ಎರಡೇ ಇದ್ದದ್ದು. ಅವ್ವನ ಮರದ ಸಸಿಯನ್ನು ಯಾರಿಗಾದರೂ ಕೊಡಲು ಮನಸ್ಸು ಬರಲಿಲ್ಲ. ಉಳಿದ ಹದಿನೆಂಟನ್ನು ಕಲ್ಲಿನಿಂದಾಚೆಗೆ, ಒಣಗಿ ಬಿರುಕುಬಿಟ್ಟ ದಡದಲ್ಲಿ, ಆರಾರರಂತೆ ಮೂರು ಸಾಲು ಇಟ್ಟೆ. ಬೋರಿನ ತೊಟ್ಟಿಯಿಂದ ಕೊಡದಲ್ಲಿ ಹೊತ್ತು ಒಂದೊಂದಕ್ಕೂ ನೀರು ಹಾಕಿದೆ. ನಾಲ್ಕು ಬೇಸಿಗೆ ಹಾಗೆ ಹೊತ್ತಿದ್ದೇನೆ. ಒಂದು ಸಸಿಯೂ ಸಾಯಲಿಲ್ಲ.

ಅಣ್ಣ ಅದನ್ನು ನೋಡಿದ್ದು ಮಾರನೇ ವರ್ಷ. ಬೇಲಿಯ ಹತ್ತಿರ ನಿಂತು ನಕ್ಕ.

"ಏನ್ ಕಣೇ, ನೀರಿನ ಮನೇಲಿ ಸಂಸಾರ ಹೂಡ್ಬುಟ್ಟಿದ್ದೀಯಾ?"

"ಎಲ್ರೂ ಇಟ್ಟವ್ರೆ ಅಣ್ಣಯ್ಯ."

"ಎಲ್ರ ಕೈಗೂ ಅಪ್ಪ ಸುಣ್ಣದ ಬಕೀಟು ಕೊಟ್ಟಿರ್ಲಿಲ್ಲ."

ನಾನೂ ನಕ್ಕೆ. ಅವನು ನಾನು ಕೊಟ್ಟ ಕಾಫಿ ಕುಡಿದು ಹೋದ. ಅವನು ನಕ್ಕದ್ದರಿಂದ ಅದನ್ನು ತಮಾಷೆ ಎಂದುಕೊಂಡೆ.

ಕೊರೋನಾ ಬರುವ ಹಿಂದಿನ ವರ್ಷ ಕೆರೆ ಸರಿಮಾಡುವ ಯೋಜನೆಯೊಂದು ನಮ್ಮ ಊರಿಗೆ ಬಂತು. ಸಮಿತಿ ಮಾಡಿದರು. ಕೆರೆಯ ಮೂಲೆಮೂಲೆ ಗೊತ್ತಿದ್ದವನು ಅಣ್ಣನೊಬ್ಬನೇ ಆದ್ದರಿಂದ ಅವನನ್ನೇ ಮುಂದಕ್ಕೆ ತಳ್ಳಿದರು. ಅವನಿಗೆ ಅದು ಎಷ್ಟು ಸಂತೋಷ ತಂದಿತ್ತೆಂದರೆ, ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದವರನ್ನು ನಿಲ್ಲಿಸಿಕೊಂಡು, ದನ ಹೊಡೆಯುವ ಕೋಲಿನಿಂದ ನೆಲದ ಮೇಲೆ ಕೆರೆ ಬರೆದು ತೋರಿಸುತ್ತಿದ್ದ. ಮಧ್ಯದಲ್ಲಿ ಆಳ ತೋಡಿದರೆ ಕೆರೆ ಆಗುವುದಿಲ್ಲ, ಮೊದಲು ದಡ ಆಗಬೇಕು ಎನ್ನುವುದು ಅವನ ವಾದ. ಹಳ್ಳ ಬಂದು ಸೇರುವ ಬಾಯಲ್ಲಿ ಹೂಳು ನಿಲ್ಲಲು ಒಂದು ಗುಂಡಿ. ಅಲ್ಲಿಂದ ಸುತ್ತಲೂ ಇಳಿಜಾರು ದಡ. ಅಂಚಿಗೆ ಜೊಂಡು, ಲಾವಂಚ. ಮೇಲೆ ಹೊಂಗೆ, ಅತ್ತಿ. ದನ ಇಳಿಯಲು ಒಂದು ಕಡೆ, ಬಟ್ಟೆ ಒಗೆಯಲು ನಾಲ್ಕು ಮೆಟ್ಟಿಲು.

"ದಡದಾಗೆ ಮರ ಇಟ್ಟಿರೋರ ಕತೆ ಏನಣ್ಣೋ?" ಎಂದು ಒಬ್ಬ ಕೇಳಿದ.

"ಕಾಯಿ ಬುಟ್ಟಿರೋವು ಇರ್ಲಿ, ಅವು ಸಾಯೋಗಂಟ ಇರ್ಲಿ. ಬೇಲಿ ಕಿತ್ತಾಕಿ. ಇನ್ನೂ ಹೊಂಬಾಳೆ ಒಡೀದಿರೋ ಎಳೇವು ಕೀಳ್ಬೇಕು."

"ಹಂಗಾರೆ ನಿನ್ ತಂಗಿ ತ್ವಾಟದಿಂದ್ಲೇ ಸುರು ಮಾಡು, ನೋಡಾನ!"

"ಅಲ್ಲಿಂದ್ಲೇ ಕಣ್ಲಾ. ಅಲ್ಲೊಂದು ಕಲ್ಲೈತೆ, ಬೇರೆ ಯಾರ್ ತ್ವಾಟದಾಗೂ ಇಲ್ಲ."

ನಿಜವಾಗಿಯೂ ಇರಲಿಲ್ಲ. ಏಳು ಕಲ್ಲಿನಲ್ಲಿ ಒಂದು ಯಾರದೋ ಕೊಟ್ಟಿಗೆಯ ಮೆಟ್ಟಿಲಾಗಿತ್ತು, ಒಂದು ಒಗೆಯುವ ಕಲ್ಲಾಗಿತ್ತು, ಮಿಕ್ಕವು ಎಲ್ಲಿ ಹೋದವೋ. ಏರಿಯ ಪಕ್ಕದ್ದೊಂದು, ನನ್ನ ತೋಟದ್ದೊಂದು, ಎರಡೇ ಉಳಿದಿದ್ದವು.

ಡೈರಿಯಿಂದ ಬಂದ ನಮ್ಮ ಯಜಮಾನರು ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿದರು. "ನಿಮ್ಮಣ್ಣಂಗೆ ಊರಾಗೆ ಇನ್ಯಾರ್ ತ್ವಾಟಾನೂ ಕಣ್ಣಿಗೆ ಬೀಳ್ಲಿಲ್ವಂತಾ? ಹೋಗಿ ಕೇಳು" ಎಂದರು. ಅಷ್ಟೇ ಅವರು ಹೇಳಿದ್ದು. ಕಲ್ಲು ಮುಚ್ಚು ಎಂದು ಅವರು ಹೇಳಲಿಲ್ಲ. ನಾನು ಹೋಗಿ ಕೇಳಲೂ ಇಲ್ಲ. ಹೋಗಿ ಅತ್ತಿದ್ದರೂ, ಜಗಳವಾಡಿದ್ದರೂ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆ ದಿನ ತೋಟಕ್ಕೆ ಹೋಗಿ ಹದಿನೆಂಟು ಮರವನ್ನೂ ಒಂದೊಂದಾಗಿ ನೋಡಿದೆ. ಮೊದಲ ಸಾಲಿನ ಎರಡನೇ ಮರದ ಸುಳಿಯ ಪಕ್ಕದಲ್ಲಿ ಕತ್ತಿಯ ಒರೆಯಂಥ ಹಸಿರು ಮೂತಿ ಹೊರಬಂದಿತ್ತು. ಮೊದಲ ಹೊಂಬಾಳೆ. ಇನ್ನು ಹದಿನೈದು ದಿನಕ್ಕೆ ಒಡೆಯುತ್ತಿತ್ತು. ಸರ್ವೆ ಇದ್ದದ್ದು ಎರಡು ದಿನಕ್ಕೆ.

ಮಾರನೇ ದಿನ ನಮ್ಮ ಮನೆಗೆ ಕಾಯಿ ಸುಲಿಯುವವರು ಬಂದಿದ್ದರು. ಅಂಗಳದಲ್ಲಿ ಮಟ್ಟೆ ಬೆಟ್ಟದ ಹಾಗೆ ಬಿದ್ದಿತ್ತು. ಅದನ್ನು ತೋಟದ ಕೆಳತುದಿಗೆ ಹಾಕಿ ಎಂದೆ.

"ಅಷ್ಟು ದೂರಕ್ಯಾಕಕ್ಕ? ನಾರಿನ ಫ್ಯಾಕ್ಟರಿಯೋರು ಇಲ್ಲಿಂದ್ಲೇ ತುಂಬ್ಕೊಂಡು ಹೋಯ್ತಾರೆ."

"ಎಳೇ ಮರಕ್ಕೆ ತ್ಯಾವ ಇರ್ಲಿ ಅಂತ."

ಮರದ ಬುಡಕ್ಕೆ ಮಟ್ಟೆ ಮುಚ್ಚುವುದು ಎಲ್ಲರೂ ಮಾಡುವುದೇ. ಯಾರಿಗೂ ಏನೂ ಅನ್ನಿಸಲಿಲ್ಲ. ಅವರು ತಂದು ಸುರಿದು ಹೋದ ಮೇಲೆ ಕೊನೆಯ ಮೂರು ಮಕ್ಕರಿಯನ್ನು ನಾನೇ ಹೊತ್ತು ತಂದೆ. ಕಲ್ಲಿನ ತಲೆಯ ಮೇಲೆ ಹಳೆಯ ಸುಣ್ಣ ಇನ್ನೂ ಅಲ್ಲಲ್ಲಿ ಅಂಟಿಕೊಂಡಿತ್ತು. ಅದರ ಮೇಲೆ ಮಟ್ಟೆ ಸುರಿದು, ಕಾಲಿನಿಂದ ಒತ್ತಿ, ಕಾಣುತ್ತದೆಯೋ ಎಂದು ಸುತ್ತ ಬಂದು ನೋಡಿದೆ. ಅಪ್ಪ ಬಂದ ಹಾಗೆಯೇ ಒಂದು ಸುತ್ತು ಬಂದೆ.

ಸರ್ವೆಯ ದಿನ ಊರಿನ ಇಪ್ಪತ್ತು ಜನ ಹಿಂದೆ ಬಂದಿದ್ದರು. ಏರಿಯ ಪಕ್ಕದ ಕಲ್ಲು ಸಿಕ್ಕಿತ್ತು. ಎದುರು ದಡದ ಇನ್ನೊಂದು ಸಿಕ್ಕಿದರೆ ಹಳೆಯ ನಕ್ಷೆಯ ಪ್ರಕಾರ ಸುತ್ತ ಗೆರೆ ಎಳೆಯಬಹುದು, ಸಿಗದಿದ್ದರೆ ಈಗಿರುವ ಬೇಲಿಯನ್ನೇ ಗಡಿ ಎಂದು ಬರೆದುಕೊಳ್ಳಬೇಕಾಗುತ್ತದೆ ಎಂದು ಸರ್ವೆಯವರು ಹೇಳುತ್ತ ಬಂದರು. ಅಣ್ಣ ಎಲ್ಲರಿಗಿಂತ ಮುಂದೆ ಇದ್ದ. ಬೇಲಿ ದಾಟಿ ಒಳಗೆ ಬಂದವನು ತಟ್ಟನೆ ನಿಂತ. ಒಂದು ಗಳಿಗೆ ತೋಟದ ಕಡೆ ನೋಡಿದ. ನಾನು ಹುಲ್ಲು ಕುಯ್ಯುತ್ತಿದ್ದವಳು ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತಿದ್ದೆ.

"ನಾನು ಸಮಿತಿಯೋನು, ನನ್ ಮಾತು ಬ್ಯಾಡ" ಎಂದ ಅಣ್ಣ, ಸರ್ವೆಯವರ ಕಡೆ ತಿರುಗಿ. "ನನ್ ತಂಗೀನೇ ಕೇಳಿ ಸ್ವಾಮಿ. ಆ ಕಲ್ಲಿಗೆ ಸುಣ್ಣ ಬಳಿದೋಳು ಅವ್ಳೇ."

"ಎಲ್ಲಿದೆಯಮ್ಮ ಕಲ್ಲು?"

ನಾನು ಅಣ್ಣನ ಮುಖ ನೋಡಲಿಲ್ಲ. ಅವನ ಕಾಲು ನೋಡಿದೆ. ಹೊಸ ಚಪ್ಪಲಿ ಹಾಕಿಕೊಂಡಿದ್ದ. ಸರ್ವೆಗೆಂದೇ ತಿಪಟೂರಿನಿಂದ ತಂದದ್ದು.

"ನಂಗೊತ್ತಿಲ್ಲ ಸ್ವಾಮಿ. ನಾನು ನೋಡೇ ಇಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. "ತಂಗಿಗೆ ಕಾಣ್ದಿರೋ ಕಲ್ಲು ಅಣ್ಣಂಗೆ ಮಾತ್ರ ಕಾಣ್ತದೆ ಕಣ್ಲಾ!" ಇನ್ನೊಬ್ಬ, "ಕನಸಲ್ಲಿ ಬಂದಿರ್ಬೇಕು ಬುಡ್ಲಾ, ಸಮಿತಿ ಯಜಮಾನ್ರಲ್ವಾ" ಎಂದ. ಎಲ್ಲರೂ ನಕ್ಕರು. ಅಣ್ಣ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ನನ್ನ ಕಡೆ ಒಂದು ಸಲ ನೋಡಿ, "ಹಂಗಾರೆ ಇಲ್ಲ ಬುಡಿ ಸ್ವಾಮಿ" ಎಂದ. ಸರ್ವೆಯವರು ನನ್ನ ಬೇಲಿಯನ್ನು ಗಡಿ ಎಂದು ಬರೆದುಕೊಂಡರು. ನನ್ನದು ಆದ ಮೇಲೆ ಎಲ್ಲರ ಬೇಲಿಯೂ ಗಡಿಯಾಯಿತು. ಅವತ್ತು ಮಧ್ಯಾಹ್ನದೊಳಗೆ ನಮ್ಮ ಕೆರೆಯ ದಡ ಕಾಗದದ ಮೇಲಿಂದ ಹೋಯಿತು.

ಅಣ್ಣ ಸಮಿತಿ ಬಿಟ್ಟ. ಕೆಲಸ ಹಿಡಿದವರು ಜೆಸಿಬಿ ತಂದರು. ಬೇಲಿಯೇ ಗಡಿ ಎಂದ ಮೇಲೆ ಬೇಲಿಯ ಬುಡದಿಂದಲೇ ನೆಟ್ಟಗೆ ಕೆಳಕ್ಕೆ ತೋಡಿದರು. ಮಣ್ಣು ಟ್ರ್ಯಾಕ್ಟರಿನ ಮೇಲೆ ಟ್ರ್ಯಾಕ್ಟರು ಹೋಯಿತು. ಲಕ್ಕಿಗಿಡ, ಹೊಂಗೆ, ಜೊಂಡಿನ ಬೇರು ಎಲ್ಲ ಅದರ ಜೊತೆಗೇ ಹೋದವು. ಬಾಣಲೆಯ ಹಾಗಿದ್ದ ಕೆರೆಯನ್ನು ತಗಡಿನ ಡಬ್ಬದ ಹಾಗೆ ಮಾಡಿದರು. ಹಳ್ಳದ ಬಾಯಿಗೆ ಗುಂಡಿ ಮಾಡಲಿಲ್ಲ, ದನಕ್ಕೆ ದಾರಿ ಬಿಡಲಿಲ್ಲ. ಏರಿಯ ಮೇಲೆ ಒಂದು ಬೋರ್ಡು ಹಾಕಿದರು. ಊರ ಬಟ್ಟೆ ಒಗೆಯುತ್ತಿದ್ದ ಮನೆಯ ಹೆಂಗಸು ಒಂದು ದಿನ ನಮ್ಮ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ, "ನಿಮ್ಮಣ್ಣ ನಮ್ಗೆ ನಾಕು ಮೆಟ್ಲು ಮಾಡಿಸ್ತೀನಿ ಅಂದಿದ್ದ ಕಣಕ್ಕ. ಎಲ್ಲಿ ಇಳೀಲಿ ಈಗ, ಹಗ್ಗ ಕಟ್ಕೊಂಡು ಇಳೀಲಾ?" ಎಂದಳು. ಬೈಯಲು ಬಂದವಳಲ್ಲ, ಹೇಳಿಕೊಳ್ಳಲು ಬಂದವಳು. ಅವಳ ಮನೆಯವರು ಆ ವರ್ಷವೇ ತಿಪಟೂರಿಗೆ ಹೋದರು. ಈಗ ಅವಳು ಅಲ್ಲಿ ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತಾಳಂತೆ.

ಆಮೇಲೆ ಮಳೆ ಬಂತು. ಎಷ್ಟೋ ವರ್ಷದ ಮೇಲೆ ಕೆರೆ ಕೋಡಿ ಬಿತ್ತು. ಊರೆಲ್ಲ ಕುಣಿಯಿತು, ಕಾಯಿ ಒಡೆಯಿತು. ನೀರು ಕೆಂಪಗೆ, ಹೂಳಿನಿಂದ ಗಟ್ಟಿಯಾಗಿತ್ತು. ನೆಟ್ಟಗೆ ಕಡಿದ ಮಣ್ಣಿಗೆ ನೀರು ತಾಗಿ ಅಂಚು ಕುಸಿಯತೊಡಗಿತು. ನನ್ನ ಮೂರನೇ ಸಾಲಿನ ನಾಲ್ಕು ಮರ ಒಂದೇ ವಾರದಲ್ಲಿ ಬಿದ್ದವು. ಮೊದಲು ಬಾಗಿ, ಎರಡು ದಿನ ಹಾಗೇ ನಿಂತು, ಆಮೇಲೆ ಬೇರು ಸಮೇತ ನೀರಿಗೆ. ಹೊಂಬಾಳೆ ನೀರಿನ ಮೇಲೆ ಹರಡಿಕೊಂಡಿತ್ತು. ಮರುವರ್ಷ ಆ ಸಾಲಿನ ಉಳಿದೆರಡೂ, ಎರಡನೇ ಸಾಲೂ ಹೋದವು. ಯಾವ ಮರಕ್ಕಾಗಿ ಅಣ್ಣನನ್ನು ಇಪ್ಪತ್ತು ಜನರ ಮುಂದೆ ಸುಳ್ಳುಗಾರನನ್ನಾಗಿ ಮಾಡಿದ್ದೆನೋ ಆ ಮರಗಳನ್ನು ನಾನೇ ಕೊಟ್ಟ ಗಡಿ ತಿಂದಿತು. ಅಯ್ಯೋ ಎನ್ನಲೂ ನನಗೆ ಮುಖವಿರಲಿಲ್ಲ.

ಅಣ್ಣ ನನ್ನ ಜೊತೆ ಜಗಳವಾಡಲಿಲ್ಲ. ಅದೇ ಕಷ್ಟವಾದದ್ದು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಬಂದ. ಮೊರದೊಳಗೆ ಅಕ್ಕಿ, ಬೇಳೆ, ಬಳೆ, ಅವ್ವನ ಮರದ್ದೊಂದು ಕಾಯಿ. "ತಗೋ ಕಣಮ್ಮ" ಎಂದು ಕೊಟ್ಟು, ನಿಂತುಕೊಂಡೇ ನೀರು ಕುಡಿದು ಹೋಗುತ್ತಿದ್ದ. ಕೆರೆಯ ಮಾತನ್ನು ಎಲ್ಲೂ ಆಡುತ್ತಿರಲಿಲ್ಲ. ಡೈರಿಯ ಮುಂದೆ ಯಾರಾದರೂ, "ಏನಣ್ಣೋ, ಕಲ್ಲು ಸಿಕ್ತಾ?" ಎಂದು ರೇಗಿಸಿದರೆ ಕ್ಯಾನು ತೊಳೆಯುತ್ತ ಇರುತ್ತಿದ್ದನಂತೆ. ಪ್ರತಿ ಗೌರಿ ಹಬ್ಬದ ಹಿಂದಿನ ದಿನ ಈ ಸಲ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಅವನು ಬಂದಾಗ ಮೊರ ಇಸಿದುಕೊಂಡು ಕಾಲಿಗೆ ಬಿದ್ದು ಒಳಗೆ ಹೋಗುತ್ತಿದ್ದೆ. ಕಲ್ಲಿನ ಮೇಲಿನ ಮಟ್ಟೆ ಕರಗಿ ಇಳಿದಂತೆಲ್ಲ ಎರಡು ವರ್ಷ ಹೊಸ ಮಟ್ಟೆ ಹಾಕಿದೆ. ಆಮೇಲೆ ಅದಕ್ಕೂ ಬೇಸರವಾಗಿ ಬಿಟ್ಟೆ. ರಾಶಿ ಮೊಣಕಾಲೆತ್ತರಕ್ಕೆ ಕುಸಿದು, ಕಪ್ಪಾಗಿ, ಅದರ ಮೇಲೆ ಬಳ್ಳಿ ಹಬ್ಬಿತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಮ್ಮ ಹಸು ಹಗ್ಗ ಬಿಚ್ಚಿಕೊಂಡು ನೀರಿಗೆ ಹೋಯಿತು. ಬಿದ್ದ ಮರಗಳ ಜಾಗದಲ್ಲಿ ಅಂಚು ಕುಸಿದು ಒಳಗೆ ಬಿತ್ತು. ನಾನು ಓಡಿ ಹೋಗುವ ಹೊತ್ತಿಗೆ ಅದು ಗೋಡೆಯಂಥ ಮಣ್ಣಿನ ಪಕ್ಕದಲ್ಲೇ ಅತ್ತಿಂದಿತ್ತ ಈಜುತ್ತಿತ್ತು. ಮುಂಗಾಲು ಮಣ್ಣಿಗೆ ಹಾಕುತ್ತದೆ, ಮಣ್ಣು ಕಳಚಿ ಬೀಳುತ್ತದೆ, ಮತ್ತೆ ಈಜುತ್ತದೆ. ನನ್ನ ಕೂಗಿಗೆ ಪಕ್ಕದ ತೋಟಗಳಿಂದ ಜನ ಬಂದರು. ಹಗ್ಗ ಹಿಡಿದು ಬಂದವನು ಅಣ್ಣ.

ಅರವತ್ತು ದಾಟಿದವನು ಟವೆಲ್ ಬಿಸಾಕಿ ಇಳಿದ. ಹಸುವಿನ ಕೊಂಬಿಗೂ ಎದೆಗೂ ಸೇರಿಸಿ ಹಗ್ಗ ಕಟ್ಟಿ ಮೇಲೆ ಹತ್ತಿದ. ಇನ್ನೊಂದು ತುದಿಯನ್ನು ಎಲ್ಲಿಗಾದರೂ ಬಿಗಿಯಬೇಕು. ಯಾರೋ ಮರ ತೋರಿಸಿದರು. "ಆ ಮರ ನಂಬ್ಕಂಡ್ರೆ ಅದೂ ಕಿತ್ಕಂಡು ಬತ್ತದೆ, ನಾವೂ ಹೋಯ್ತೀವಿ" ಎಂದವನೇ ಅಣ್ಣ ಹಗ್ಗ ಎಳೆದುಕೊಂಡು ನೆಟ್ಟಗೆ ಮಟ್ಟೆ ರಾಶಿಯ ಹತ್ತಿರ ನಡೆದ. ಅತ್ತ ಇತ್ತ ನೋಡಲಿಲ್ಲ. ಬಳ್ಳಿ ಹರಿದು, ಕಾಲಿನಿಂದ ನಾಲ್ಕು ಸಲ ಒದ್ದು, ಕೊಳೆತ ಮಟ್ಟೆಯನ್ನು ಎರಡು ಕೈಯಲ್ಲಿ ಬಾಚಿ ಎಸೆದ. ಕಲ್ಲಿನ ತಲೆ ಕಂಡಿತು. ಅದಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿದ.

"ಓ, ಕಲ್ಲು ಇಲ್ಲೇ ಐತಲ್ಲ!" ಎಂದ ಒಬ್ಬ.

"ಬಾಯಿ ಬುಟ್ಕಂಡು ನಿಂತ್ಕಬ್ಯಾಡ್ರಿ, ಎಳೀರ್ಲಾ!" ಎಂದು ಅಣ್ಣ ಕೂಗಿದ.

ಕಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಹಸುವನ್ನು ಮೇಲೆ ತಂದರು. ಮುಂಗಾಲು ಮುರಿದಿತ್ತು, ಹೊಟ್ಟೆ ತುಂಬ ನೀರು ಕುಡಿದಿತ್ತು. ಕಿಬ್ಬನಹಳ್ಳಿ ಕಡೆಯಿಂದ ಡಾಕ್ಟರು ಬರುವ ಹೊತ್ತಿಗೆ, ಸಂಜೆಗೆ, ಸತ್ತಿತು. ಅದರ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಕಣ್ಣು ಮಾತ್ರ ಕಲ್ಲಿನ ಮೇಲಿತ್ತು. ಅಣ್ಣ ಅದನ್ನು ಹುಡುಕಲಿಲ್ಲ. ಅವನಿಗೆ ಗೊತ್ತಿತ್ತು.

ಮಾರನೇ ದಿನ ಊರಿನಲ್ಲಿ ಬೇರೆಯೇ ಮಾತು ಹುಟ್ಟಿತು. ಅಣ್ಣ ತಂಗಿ ಸೇರಿಯೇ ಕಲ್ಲು ಮುಚ್ಚಿದ್ದಂತೆ, ತಂಗಿ ತೋಟ ಉಳಿಸಲು ಅವನೇ ನಾಟಕ ಆಡಿದ್ದಂತೆ, ಅದಕ್ಕೇ ಸಮಿತಿ ಬಿಟ್ಟದ್ದಂತೆ. "ನೋಡಿದ್ಯಾ, ಹೆಂಗೆ ಸೀದಾ ಹೋಗಿ ಒದ್ದ! ಇಟ್ಟೋನಿಗಲ್ವಾ ಗೊತ್ತಿರೋದು?" ಎಂದು ನಮ್ಮ ಬಾಗಿಲ ಮುಂದೆಯೇ ಇಬ್ಬರು ಮಾತಾಡಿಕೊಂಡು ಹೋದರು. ಮೊದಲು ಅವನನ್ನು ಸುಳ್ಳುಗಾರ ಎಂದಿದ್ದರು, ಈಗ ಕಳ್ಳ ಎಂದರು. ಎರಡೂ ನನ್ನಿಂದ.

ತವರಿಗೆ ಹೋದೆ. ಅತ್ತಿಗೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅಣ್ಣ ಪಡಸಾಲೆಯಲ್ಲಿ ಕೂತು, ಕಲ್ಲಿಗೆ ಉಜ್ಜಿ ಎಳೆ ಕಿತ್ತುಹೋದ ಹಗ್ಗಕ್ಕೆ ಹೊಸ ನಾರು ಸೇರಿಸಿ ಹೊಸೆಯುತ್ತಿದ್ದ.

"ನಿಂಗೆ ಗೊತ್ತಿತ್ತಾ ಅಣ್ಣಯ್ಯ?"

"ಹೂಂ."

"ಯಾವಾಗಿಂದ?"

"ಅವತ್ತಿಂದ್ಲೇ. ಮಟ್ಟೆ ಹಾಕೋರು ಮರದ ಬುಡಕ್ಕೆ ಹಾಕ್ತಾರೆ ಕಣೇ. ನಿನ್ ಮಟ್ಟೆ ಹಳೇ ಸಾಲಿಗೂ ಹೊಸ ಸಾಲಿಗೂ ಮಧ್ಯ ಬಿದ್ದಿತ್ತು. ಹಸಿ ಮಟ್ಟೆ ಬೇರೆ." ಅವನು ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಮತ್ಯಾಕೆ ನೀನೇ ಒದ್ದು ತೋರಿಸ್ಲಿಲ್ಲ?"

ಅತ್ತಿಗೆ ಕೇರುವುದನ್ನು ನಿಲ್ಲಿಸಿದಳು. "ನಾನು ತೋರಿಸಿದ್ರೆ ಕಲ್ಲು ಸಿಕ್ತಿತ್ತು. ನೀನು ಇಪ್ಪತ್ತು ಜನದ ಮುಂದೆ ಕಳ್ಳಿ ಆಗ್ತಿದ್ದೆ. ನಿನ್ ಬಾಯಿಂದ್ಲೇ ಬರ್ಲಿ ಅಂತ ಕಾದೆ. ಬರ್ಲಿಲ್ಲ." ಅಣ್ಣ ನಾರನ್ನು ಅಂಗೈಯಲ್ಲಿ ಉಜ್ಜಿದ. "ನಂದೂ ತಪ್ಪೇಯ. ತಂಗಿ ಮಾನ ನೋಡ್ಕಂಡು ಊರ ಕೆರೆ ಕಳ್ದೆ."

ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಇಲ್ಲಿ ಬ್ಯಾಡ. ಇಲ್ಲಿ ಯಾರವ್ರೆ? ನಿಮ್ಮತ್ತಿಗೆ ಅವ್ಳೆ, ಒಂದು ಬೆಕ್ಕೈತೆ. ಅವತ್ತು ಬೆಕ್ಕಿನ ಮುಂದೆ ಹೇಳಿದ್ಯಾ?"

"ಈಗ ಹೇಳಿದ್ರೆ ಕೆರೆ ಸರಿ ಹೋಯ್ತದಾ ಅಣ್ಣಯ್ಯ?"

"ಇಲ್ಲ" ಎಂದ. ಸಮಾಧಾನಕ್ಕೂ ಬೇರೆ ಮಾತು ಸೇರಿಸಲಿಲ್ಲ.

ಅಷ್ಟಾದ ಮೇಲೂ ಹನ್ನೊಂದು ದಿನ ಸುಮ್ಮನಿದ್ದೆ. ಒಂದು ದಿನ ಕಲ್ಲಿಗೆ ಸುಣ್ಣವನ್ನಾದರೂ ಬಳಿಯೋಣ ಎಂದು ಸುಣ್ಣ ಕಲಸಿಕೊಂಡು ಹೋದೆ. ಹಗ್ಗ ಉಜ್ಜಿದ ಕಡೆ ಕಲ್ಲು ನುಣ್ಣಗೆ ಬೆಳ್ಳಗಾಗಿತ್ತು. ಅಲ್ಲಿಂದ ನೋಡಿದರೆ ಉಳಿದ ಒಂದು ಸಾಲು ಮರ, ಆಮೇಲೆ ಕುಸಿದ ಅಂಚು, ಆಮೇಲೆ ಜೊಂಡಿಲ್ಲದ, ಹಕ್ಕಿಯಿಲ್ಲದ ಕೆಂಪು ನೀರು. ಮುಂದಿನ ಮಳೆಗೆ ಈ ಸಾಲೂ ಹೋಗುತ್ತದೆ. ಆಮೇಲೆ ಕಲ್ಲೂ ಹೋಗುತ್ತದೆ. ಕಾಯಲು ದಡವೇ ಇಲ್ಲದ ಕಲ್ಲಿಗೆ ಸುಣ್ಣ ಬಳಿಯಲು ಕೈ ಬರಲಿಲ್ಲ. ಬಕೀಟನ್ನು ಅಲ್ಲೇ ಬಿಟ್ಟು ಬಂದೆ.

ಹನ್ನೆರಡನೇ ದಿನ ಬೆಳಿಗ್ಗೆ ಡೈರಿಗೆ ಹೋದೆ. ಹಸು ಸತ್ತ ಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಕೈಬೀಸಿಕೊಂಡು ಬಂದವಳನ್ನು ನೋಡಿ ಸಾಲಿನಲ್ಲಿದ್ದ ಒಬ್ಬ, "ಏನಕ್ಕ, ಕ್ಯಾನೇ ಇಲ್ಲ, ಹಾಲು ಸೆರಗಿನಾಗೆ ತಂದಿದ್ದೀಯಾ?" ಎಂದ. ಒಂದಿಬ್ಬರು ನಕ್ಕರು. ಸರ್ವೆಯ ದಿನ ನಕ್ಕವರಲ್ಲಿ ಮುಕ್ಕಾಲು ಜನ ಅಲ್ಲಿದ್ದರು. ಅಣ್ಣ ಸಾಲಿನಲ್ಲಿ ನಾಲ್ಕನೆಯವನಾಗಿ ಕ್ಯಾನು ಹಿಡಿದು ನಿಂತಿದ್ದ. ನನ್ನನ್ನು ನೋಡಿ ಕ್ಯಾನನ್ನು ಕೆಳಗಿಟ್ಟ. ಡೈರಿಯ ಕಂಬವನ್ನು ಹಿಡಿದುಕೊಂಡು, ಹಾಲು ಅಳೆಯುವವನಿಗೂ ಕೇಳಿಸುವ ಹಾಗೆ ಹೇಳಿದೆ.

"ಸರ್ವೆಯೋರು ಕೇಳ್ದಾಗ ಕಲ್ಲು ಎಲ್ಲೈತೆ ಅಂತ ನಂಗೊತ್ತಿತ್ತು. ಹಿಂದಿನ್ ದಿನ ಅದರ ಮ್ಯಾಲೆ ಮಟ್ಟೆ ಹಾಕ್ದೋಳು ನಾನು. ನಮ್ಮೆಜಮಾನ್ರು ಹೇಳ್ಕೊಟ್ಟಿದ್ದಲ್ಲ, ನಮ್ಮಣ್ಣ ಹೇಳ್ಕೊಟ್ಟಿದ್ದಲ್ಲ. ಅವ್ನು ಅವತ್ತೂ ಸುಳ್ಳು ಹೇಳ್ಲಿಲ್ಲ, ಆಮ್ಯಾಕೂ ಹೇಳ್ಲಿಲ್ಲ. ನಿಮ್ ದನ ಇಳಿಯೋ ದಾರಿ ಹೋಗಿದ್ದು ನನ್ನಿಂದ, ದಡ ಹೋಗಿದ್ದು ನನ್ನಿಂದ. ಅದನ್ನ ವಾಪಸ್ಸು ತರಕ್ಕೆ ನನ್ ಕೈಲಿ ಆಗಕಿಲ್ಲ. ನಿಮ್ಮೆಲ್ರ ಮುಂದೆ ಹೇಳ್ತಿದ್ದೀನಿ. ಅಣ್ಣಯ್ಯ, ನನ್ನಿಂದ ತಪ್ಪಾಯ್ತು."